ಮೊದಲು ಹೂವು, ಆಮೇಲೆ ಹೆಸರು

“ನಿಮ್ಮಪ್ಪ ಕೊನೇ ಗಳಿಗೆವರೆಗೂ ಬಾಗಿಲ ಕಡೆನೇ ನೋಡ್ತಿದ್ರು. ಅವರ ಕೈ ಬಿಟ್ಟು ನಾನು ಬರೋ ಹಾಗಿರಲಿಲ್ಲ, ಬೋರ್ಡಲ್ಲಿ ‘ಒಳಗೆ ಬನ್ನಿ’ ಅಂತ ಕರೆ ಹಾಕಿದ್ದೆ. ಯಾಕಮ್ಮ ಬರಲಿಲ್ಲ?” ಎಂದು ನರ್ಸ್ ಮೆಲ್ಲಗೆ ಕೇಳಿದಳು. ಮಗಳು ಕಾಯುವ ಕೋಣೆಯ ಗೋಡೆಯ ಪರದೆಯನ್ನೇ ನೋಡುತ್ತಿದ್ದಳು. ಅಪ್ಪನ ಹೆಸರಿನ ಮುಂದೆ ಇನ್ನೂ ‘ಕಾಯಿರಿ’ ಎಂದೇ ಇತ್ತು. ಅದರ ಹಿಂದೆ ಅಲಂಕಾರದ ಹೂಗಳು ಸರಾಗವಾಗಿ ತೇಲುತ್ತಿದ್ದವು.

ಆ ಪರದೆಯ ಪ್ರೋಗ್ರಾಂ ಬರೆದವಳು ಅವಳೇ. ಹೆಸರುಗಳು ಬದಲಾಗುವಾಗ ಹೂಗಳು ತಡವರಿಸುತ್ತವೆ ಎಂದು ಆಸ್ಪತ್ರೆಯವರು ಗೊಣಗಿದ್ದರು. ಹೂಗಳನ್ನು ಮೊದಲು ಮೂಡಿಸು, ಹೆಸರಿನ ಬದಲಾವಣೆಯನ್ನು ಬಿಡುವಾದಾಗ ತೋರಿಸು ಎಂದು ಅವಳು ಕಂಪ್ಯೂಟರಿಗೆ ಹೇಳಿಟ್ಟಿದ್ದಳು. ಕ್ಷಣ ತಡವಾದರೆ ಏನು ಮಹಾ ಎಂದುಕೊಂಡಿದ್ದಳು. ಇಂದು ಆಸ್ಪತ್ರೆ ಕಿಕ್ಕಿರಿದಿತ್ತು, ಪರದೆಗೆ ಬಿಡುವೇ ಸಿಕ್ಕಿರಲಿಲ್ಲ.

ಪಕ್ಕದಲ್ಲಿ ಸೋದರತ್ತೆ ಕಣ್ಣು ಮುಚ್ಚಿ ಪ್ರಾರ್ಥಿಸುತ್ತಿದ್ದರು. ಕಿವಿ ಮಂದವಾದ್ದರಿಂದ ನರ್ಸ್ ಹೇಳಿದ್ದು ಅವರಿಗೆ ಕೇಳಿಸಿರಲಿಲ್ಲ. ಕಣ್ಣು ತೆರೆದವರೇ ಪರದೆಗೆ ಕೈಮುಗಿದು ಸೋದರಸೊಸೆಯ ತೋಳು ಹಿಡಿದೆಳೆದರು.

“ಏಳೇ, ‘ಒಳಗೆ ಬನ್ನಿ’ ಅಂತ ಬಂತು! ದೇವರು ದೊಡ್ಡವನು. ಬೆಳಗ್ಗೆ ನಿಮ್ಮಪ್ಪ ಏನಂದ ಗೊತ್ತಾ? ನನ್ನ ಮಗಳು ಮಾಡಿದ ಬೋರ್ಡು, ಹೊತ್ತಿಗೆ ಸರಿಯಾಗಿ ಕರೆಯುತ್ತೆ ಅಂದ.”