ಗಿರಣಿ ಸಾವಕಾರರ ಗೋಡೆ

ಸಾವಂತ್ರೆವ್ವ ಇವತ್ತೂ ಹಾಳು ಬಂಗಲೆಯತ್ತಲೇ ತಿರುಗಿದಳು. ಸೆರಗಿನಡಿ ಏನೋ ಮುಚ್ಚಿಕೊಂಡಿದ್ದಳು. ಜೋಳದ ಹೊಲದಲ್ಲಿ ಕೊಡಲಿ ಹಿಡಿದು ಕಾದಿದ್ದ ಗಂಡ ತಿರಕಪ್ಪನ ಮೈಯೆಲ್ಲ ಉರಿಯಿತು.

ಮದುವೆಯಾಗಿ ವರ್ಷ ತುಂಬಿಲ್ಲ. ಸಂಜೆಯಾದರೆ ಸಾಕು, ಮನೆಯಿಂದ ಮಾಯ. ಎಲ್ಲಿ ಹೋಗಿದ್ದೆ ಎಂದರೆ ತಲೆ ತಗ್ಗಿಸುತ್ತಾಳೆ, ಬಾಯಿ ಬಿಡುವುದಿಲ್ಲ. ಅವಳೆಂದರೆ ಅವನಿಗೆ ಜೀವ. ಅದಕ್ಕೇ ಸಿಟ್ಟಿನ ಜೊತೆ ಅಳುವೂ ಒತ್ತರಿಸಿ ಬರುತ್ತಿತ್ತು. ಒಳಗೆ ಯಾವನಿದ್ದರೂ ಸರಿ, ಇಬ್ಬರನ್ನೂ ಕಡಿದೇ ಬಿಡುವುದೆಂದು ನಿಶ್ಚಯಿಸಿದ್ದ.

ಬಂಗಲೆ ಇದ್ದದ್ದು ಮುಂಡರಗಿ ರಸ್ತೆಯ ಬದಿಗೆ. ಹತ್ತಿ ಗಿರಣಿ ದಿವಾಳಿ ಎದ್ದ ಮೇಲೆ ಸಾವಕಾರರು ಊರು ಬಿಟ್ಟರು. ಬಾಗಿಲು, ತೊಲೆ, ಹಂಚು ಸದ್ದಿಲ್ಲದೆ ಊರವರ ಮನೆ ಸೇರಿದವು. ಉಳಿದದ್ದು ಎತ್ತರದ ಕಲ್ಲುಗೋಡೆ, ಮತ್ತೆ ಸಾವಕಾರರ ಸತ್ತ ಸೊಸೆಯ ದೆವ್ವ. ಅದು ಹಿಡಿಯುವುದು ಗಂಡಸರನ್ನಷ್ಟೇ. ಅದರ ಖಬರು ಎಲ್ಲರಿಗಿಂತ ಹೆಚ್ಚು ಬಲ್ಲವಳು ತಿರಕಪ್ಪನ ತಾಯಿ ಉಡಚವ್ವ.

"ಸಂಜಿಮುಂದ ಅತ್ತಾಗ ಹೋದ ಗಂಡಸು ಮತ್ತ ಮಾರಿ ಎತ್ತಿ ತಿರಗಂಗಿಲ್ಲ" ಎನ್ನುತ್ತಿದ್ದಳು.

ತಿರಕಪ್ಪ ನಕ್ಕುಬಿಡುತ್ತಿದ್ದ. ಆ ಗೋಡೆ ಕೆಡವಿ ಕಲ್ಲನ್ನು ರಸ್ತೆಗೆ ಹಾಕುವ ಪಂಚಾಯತಿ ಗುತ್ತಿಗೆಯನ್ನು ಊರೆಲ್ಲ ಒಲ್ಲೆ ಎಂದಾಗ ಎದೆ ತಟ್ಟಿ ಹಿಡಿದವನೂ ಇವನೇ. ನಾಳೆ ಕೆಲಸ ಶುರುವಾಗಬೇಕಿತ್ತು.

ಗೋಡೆಯ ಹತ್ತಿರ ಬಂದಾಗ ಒಳಗಿನಿಂದ ಹೆಂಡತಿಯ ನಗು ಕೇಳಿಸಿತು. ಮನೆಯಲ್ಲಿ ಅವಳು ಹಾಗೆ ನಕ್ಕದ್ದೇ ಇಲ್ಲ. ಯಾರೋ ಪಿಸುಗುಟ್ಟಿದರು. ತಿರಕಪ್ಪ ಕೊಡಲಿ ಎತ್ತಿಕೊಂಡು ಕದವಿಲ್ಲದ ಬಾಗಿಲಿಗೆ ನುಗ್ಗಿದ.

ಮರುಗಳಿಗೆ ಕೊಡಲಿ ಅಲ್ಲೇ ಬಿತ್ತು. ಅವನು ಹಿಂದೆ ನೋಡದೆ ಓಡಿದ.

ಮರುದಿನ ಪಂಚಾಯತಿ ಕಟ್ಟೆಯ ಮೇಲೆ ಚೇರ್ಮನ್ ಸಕ್ರಪ್ಪನೆದುರು ಮಾರಿ ಎತ್ತದೆ ಕೂತ. ಗುತ್ತಿಗೆ ಬೇಡವೆಂದ. ಪುಕ್ಕಲ ಎಂದು ಮಂದಿ ಆಡಿಕೊಂಡರು. ಸಕ್ರಪ್ಪ ತಾನೇ ಆಳು ಹಚ್ಚಿ ಕೆಡವಿಸುತ್ತೇನೆಂದು ಎದ್ದು ನಿಂತ.

"ದೆವ್ವ ಖರೇನ ಐತ್ರಿ" ಎಂದ ತಿರಕಪ್ಪ. "ನಾ ಕಣ್ಣಾರೆ ಕಂಡೀನಿ. ಗ್ವಾಡಿ ಮುಟ್ಟಿದವರ ಮನಿ ಉಳಿಯಂಗಿಲ್ಲ."

ಸಕ್ರಪ್ಪ ಮತ್ತೆ ಕೂತ. ಗೋಡೆಯ ಮಾತು ಅಲ್ಲಿಗೇ ನಿಂತಿತು.

ತಿರಕಪ್ಪ ಕಣ್ಣಾರೆ ಕಂಡದ್ದು, ಬಾಗಿಲಿಗೆ ಅಡ್ಡಗೈ ಹಾಕಿ ನಿಂತಿದ್ದ ಹೆತ್ತ ತಾಯಿಯನ್ನು: "ಹಿಂದಕ್ಕ ಸರಿಯಲೇ, ಒಳಗ ಊರ ಹೆಣ್ಮಕ್ಕಳು ನೀರಿನ ಚರಗಿ ತಗೊಂಡು ಬಯಲಕಡಿಗೆ ಕುಂತಾರ. ನೀವು ಗಂಡಸ್ರು ಬೇಲಿ ಕಡದ್ರಿ, ಹಳ್ಳದ ಜಾಲಿ ಕಡದ್ರಿ, ಮರ್ಯಾಗ ಕುಂಡ್ರಾಕ ನಮಗ ಇದೊಂದ ಗ್ವಾಡಿ ಉಳದೈತಿ. ಅದಕ್ಕ ಆ ದೆವ್ವಾನ ನಾವ ಹುಟ್ಟಿಸೇವಿ."