ಮಾವನ ಕತ್ತಿ

ಬೆನೆಡಿಕ್ಟ್ ಹಿಟ್ಟಿನ ಪೆಟ್ಟಿಗೆಯೊಳಗೆ ಮೊಣಕೈವರೆಗೆ ಕೈ ಇಳಿಸಿ ತಡಕಾಡಿದ. ಕೈ ಬೆಳ್ಳಗಾಗಿ, ಬರಿದಾಗಿ ಹೊರಬಂತು.

"ಇಲ್ಲೂ ಇಲ್ಲ."

ಒಲೆಯ ಮುಂದಿದ್ದ ವೆರೆನಾ ಥಟ್ಟನೆ ತಿರುಗಿದಳು. ಕತ್ತಿ ಅಲ್ಲೇ ಇರಬೇಕಿತ್ತು. ನಿನ್ನೆ ಸಂಜೆ ಗಂಡ ಹಾಲು ಕರೆಯಲು ಹೋದಾಗ, ಗೋಡೆಯ ಮೊಳೆಯಿಂದ ಅದನ್ನು ಇಳಿಸಿ, ಬಟ್ಟೆ ಸುತ್ತಿ, ಹಿಟ್ಟಿನ ಅಡಿಯಲ್ಲಿ ಹೂತಿಟ್ಟವಳು ಅವಳೇ.

"ಹಿಟ್ಟಿನಲ್ಲಿ ಯಾಕೆ ಹುಡುಕ್ತೀಯ?" ಎಂದಳು, ದನಿ ಅಲುಗದಂತೆ.

"ಹೆಂಗಸರು ಬಚ್ಚಿಟ್ಟರೆ ಅಲ್ಲೇ ಬಚ್ಚಿಡೋದು ಅಂತ ಅಪ್ಪ ಹೇಳ್ತಿದ್ದ."

ಏಪ್ರಿಲ್‌ನ ಕೊನೆಯ ಭಾನುವಾರ. ಪ್ರಾಂತ್ಯದ, ಅಂದರೆ ಕ್ಯಾಂಟನ್ನಿನ, ಗಂಡಸರೆಲ್ಲ ಚೌಕದಲ್ಲಿ ಹಗ್ಗದ ಸುತ್ತಿನೊಳಗೆ ನಿಂತು, ಕೈ ಎತ್ತಿ, ವರ್ಷದ ಕಾನೂನುಗಳನ್ನು ತೀರ್ಮಾನಿಸುವ ದಿನ. ಸೊಂಟದಲ್ಲಿ ಮನೆತನದ ಕತ್ತಿ ಇಲ್ಲದವನಿಗೆ ಹಗ್ಗದೊಳಗೆ ಜಾಗವಿಲ್ಲ. ಒಂದು ಮನೆಯ ಕತ್ತಿಯನ್ನು ಇನ್ನೊಂದು ಮನೆ ಎರವಲು ಕೊಡುವುದೂ ಇಲ್ಲ. ಈ ವರ್ಷದ ಪ್ರಶ್ನೆ: ಹೆಂಗಸರನ್ನೂ ಹಗ್ಗದೊಳಗೆ ಬಿಡಬೇಕೇ?

ಬೆನೆಡಿಕ್ಟ್‌ನದು ಬರೀ ಒಂದು ಕೈಯಲ್ಲ. ಅವನು ಚೀಸ್ ಸಂಘದ ಅಧ್ಯಕ್ಷ. ಅವನ ಕೈ ಮೇಲೇರಿದರೆ ಹಿಂದಿನಿಂದ ಐವತ್ತು ಕೈ ಏರುತ್ತವೆ. ಈ ಸಲ ಅದು "ಬೇಡ" ಎಂದು ಏರುವುದು ಊರಿಗೆಲ್ಲ ಗೊತ್ತಿತ್ತು.

ಮೂರು ವರ್ಷದ ಹಿಂದೆ ಆ ಕೈ ಹೊಸ ರಸ್ತೆಗಾಗಿ ಏರಿತ್ತು. ರಸ್ತೆ ಹೋದದ್ದು ವೆರೆನಾಳಿಗೆ ಅವಳ ಅಪ್ಪ ಬಿಟ್ಟುಹೋಗಿದ್ದ ಹುಲ್ಲುಗಾವಲನ್ನು ಎರಡಾಗಿ ಸೀಳಿಕೊಂಡು. ಅವಳು ಹಗ್ಗದ ಹೊರಗೆ ಬುಟ್ಟಿ ಹಿಡಿದು ನಿಂತು ನೋಡಿದ್ದಳು. ಊರಿಗೆ ಒಳ್ಳೆಯದು ಎಂದಿದ್ದ ಬೆನೆಡಿಕ್ಟ್. ಹುಲ್ಲುಗಾವಲು ಯಾರದು ಎಂದು ಯಾರೂ ಕೇಳಿರಲಿಲ್ಲ.

ಮನೆಯಲ್ಲಿ ಇರುವವರು ಮೂವರು. ಹಿಟ್ಟಿನೊಳಗಿಂದ ಅವಳು ಮತ್ತೆ ತೆಗೆದಿಲ್ಲ, ಅವನಿಗೆ ಸಿಕ್ಕಿಲ್ಲ. ಉಳಿದವರು ಅತ್ತೆ.

ಒಟೀಲಿಯಾ ಹಬ್ಬದ ಕಪ್ಪು ಲಂಗ ತೊಟ್ಟು, ಜಪಸರ ಹಿಡಿದು ಕಿಟಕಿಯ ಬಳಿ ನಿಂತಿದ್ದರು. ಚಳಿಗಾಲದಲ್ಲಿ ಹೆಂಗಸರ ಹಕ್ಕಿಗೆ ಸಹಿ ಕೇಳಲು ಇಬ್ಬರು ಬಂದಾಗ ಇವರೇ ಬಾಗಿಲು ಮುಚ್ಚಿದ್ದರು. "ಗಂಡಸರ ಮುಂದೆ ಹೋಗಿ ಕೇಳೋದು ನನಗೆ ಹಿಡಿಸಲ್ಲ," ಎಂದಿದ್ದರು. ಅಂದಿನಿಂದ ವೆರೆನಾ ಅವರೊಡನೆ ಆ ಮಾತೇ ಎತ್ತಿರಲಿಲ್ಲ.

"ಅಮ್ಮ, ನೀನು ನೋಡಿದ್ಯಾ?"

"ಕತ್ತಿ ಕಾಯೋದು ಗಂಡಸರ ಕೆಲಸ ಅಲ್ವೇನಪ್ಪ," ಎಂದರು ಒಟೀಲಿಯಾ. "ನಡಿ, ಚರ್ಚಿನ ಪೂಜೆಗೆ ಹೊತ್ತಾಯ್ತು. ಚೌಕಕ್ಕೆ ನಾನೂ ಬರ್ತೀನಿ."

ವೆರೆನಾಳಿಗೆ ಅರ್ಥವಾಯಿತು. ಮನೆಯಲ್ಲಿ ಕೊಟ್ಟರೆ ಮುಗಿದುಹೋಗುತ್ತದೆ. ಅತ್ತೆ ಅದನ್ನು ಚೌಕದಲ್ಲಿ ಕೊಡುತ್ತಾರೆ, ಊರೆದುರಿಗೆ, ಸೊಸೆ ಕದ್ದದ್ದು ಎಂದು ಹೇಳಿ. ಕೊಟ್ಟರೆ ಕೊಡಲಿ. ತಾನು ತಲೆ ತಗ್ಗಿಸುವುದಿಲ್ಲ ಎಂದುಕೊಂಡಳು.

ಚರ್ಚಿನಲ್ಲಿ ಅವಳ ಕಣ್ಣು ಅತ್ತೆಯ ಮೇಲೇ ಇತ್ತು. ಮಂಡಿಯೂರದವರನ್ನು ಗದರುತ್ತಿದ್ದ ಹೆಂಗಸು ಇಂದು ಮಂಡಿಯೂರಲಿಲ್ಲ, ಕೂರಲೂ ಇಲ್ಲ. ಮೊಣಕಾಲು ಹಿಡಿದುಕೊಂಡಿದೆ ಎಂದು ಪಿಸುಗುಟ್ಟಿ ಕಂಬಕ್ಕೆ ಒರಗಿದರು. ಚೌಕದ ದಾರಿಯಲ್ಲಿ ಒಂದು ಕಾಲನ್ನು ಕೋಲಿನಂತೆ ಎತ್ತಿಡುತ್ತ ನಡೆದರು. ಬೇಕರಿಯವಳು ಕುರ್ಚಿ ತಂದಿಟ್ಟರೆ ಬೇಡವೆಂದರು. ಅವರ ಕೈ ಲಂಗದ ಮಡಿಕೆಯೊಳಗೆ ಹೋದಾಗಲೆಲ್ಲ ಈಗ ಕತ್ತಿ ಬಂತು ಎಂದುಕೊಂಡಳು ವೆರೆನಾ. ಬಂದದ್ದು ಬರೀ ಕರವಸ್ತ್ರ.

ಹಗ್ಗದ ಸುತ್ತಿನೊಳಗೆ ಹೋಗುವ ದಾರಿಯಲ್ಲಿ ಕಾವಲಿಗಿದ್ದವನು ಬೆನೆಡಿಕ್ಟ್‌ನ ಚಿಕ್ಕಪ್ಪನ ಮಗ.

"ಕತ್ತಿ ಎಲ್ಲಣ್ಣ?"

"ನನ್ನ ಗುರುತಿಲ್ವೇನೋ? ನಿನ್ನ ಮದುವೆಗೆ ಸಾಕ್ಷಿ ನಿಂತವನು ನಾನು."

"ಗುರುತಿದೆ ಅಣ್ಣ. ಕತ್ತಿ ಇಲ್ಲವಲ್ಲ."

ಹಿಂದೆ ಸಾಲು ನಿಂತವರು ನಕ್ಕರು. ಬೆನೆಡಿಕ್ಟ್ ಕೆಂಪಗಾಗಿ ಹೊರಬಂದು ಹೆಂಡತಿಯ ಪಕ್ಕ, ಬುಟ್ಟಿಗಳ ನಡುವೆ ನಿಂತ. ಅತ್ತೆ ಕೊಡುವುದಾದರೆ ಇದೇ ಗಳಿಗೆ. ಒಟೀಲಿಯಾ ಜಪಸರದ ಮಣಿ ತಿರುವುತ್ತಲೇ ಇದ್ದರು.

"ಇಲ್ಲಿಂದ ಏನೂ ಕಾಣಲ್ಲ," ಎಂದು ಗೊಣಗಿದ ಬೆನೆಡಿಕ್ಟ್.

"ಕೇಳಿಸುತ್ತಲ್ಲ," ಎಂದಳು ವೆರೆನಾ. "ಹೆಂಗಸರಿಗೆ ಅಷ್ಟು ಸಾಕು ಅಂತ ನೀನೇ ಹೇಳ್ತಿದ್ದೆ."

ಅವನು ಅವಳನ್ನೇ ದಿಟ್ಟಿಸಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ತೆಗೆದವಳು ನಾನೇ. ಮುಂದಿನ ಸಲವೂ ತೆಗೀತೀನಿ."

"ಎಲ್ಲಿಟ್ಟಿದ್ದೀಯ?"

"ಗೊತ್ತಿದ್ದರೂ ಹೇಳ್ತಿರಲಿಲ್ಲ."

ವೇದಿಕೆಯಿಂದ ಪ್ರಶ್ನೆ ಕೇಳಿಬಂತು. ಮೊದಲು "ಬೇಕು" ಎನ್ನುವವರ ಕೈಗಳು. ಆಮೇಲೆ "ಬೇಡ" ಎನ್ನುವವರದು. ಬೆನೆಡಿಕ್ಟ್‌ನ ಕೈ ಅಭ್ಯಾಸಬಲದಿಂದ ಮೇಲೇರಿತು. ಹಗ್ಗದ ಹೊರಗಿನ ಆ ಕೈಯನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಒಳಗೆ ಅವನ ಸಂಘದವರು ಅತ್ತಿತ್ತ ತಿರುಗಿ ಅವನನ್ನು ಹುಡುಕಿದರು. ಕೆಲವು ಕೈಗಳು ಅರ್ಧಕ್ಕೆ ಏರಿ ಅಲ್ಲೇ ನಿಂತವು. ಪ್ರತಿ ಸಲ ಒಮ್ಮೆ ಕಣ್ಣಾಡಿಸಿ ತೀರ್ಪು ಕೊಡುತ್ತಿದ್ದ ಸಭೆಯ ಮುಖ್ಯಸ್ಥರು ಇಂದು ಮೂರು ಸಲ ಕೈ ಎತ್ತಿಸಿದರು.

"ಬೇಡ" ಗೆದ್ದಿತು. ಕೂದಲೆಳೆಯಷ್ಟರಲ್ಲಿ.

ದಾರಿಯುದ್ದಕ್ಕೂ ಬೆನೆಡಿಕ್ಟ್ ಹತ್ತು ಹೆಜ್ಜೆ ಮುಂದೆಯೇ ನಡೆದ. ಮನೆ ತಲುಪಿದವನೇ ಕೊಟ್ಟಿಗೆಗೆ ಹೋದ. ಅತ್ತೆ ಅಡುಗೆಮನೆಗೆ ಬಂದು ಬಾಗಿಲು ಮುಚ್ಚಿದರು.

"ಈಗ ಬೈಯಿರಿ," ಎಂದಳು ವೆರೆನಾ. "ನಾನು ಕ್ಷಮೆ ಕೇಳಲ್ಲ."

ಒಟೀಲಿಯಾ ಮೇಜಿಗೆ ಆತುಕೊಂಡು ಕಪ್ಪು ಲಂಗವನ್ನು ಮಂಡಿಯ ಮೇಲಕ್ಕೆ ಎತ್ತಿದರು. ತೊಡೆಯಿಂದ ಮೀನಖಂಡದವರೆಗೆ ಬ್ಯಾಂಡೇಜು ಬಿಗಿದು ಕಟ್ಟಿದ್ದ ಕಾಲಿಗೆ, ಹಿಟ್ಟು ಮೆತ್ತಿದ ಮಾವನ ಕತ್ತಿ ಅಂಟಿಕೊಂಡಿತ್ತು.

"ಹದಿನೇಳು ವರ್ಷದ ಹಿಂದೆ ಇದೇ ಪ್ರಶ್ನೆ ಬಂದಾಗ ನಾನೂ ಹಿಟ್ಟಿನ ಪೆಟ್ಟಿಗೇಲೇ ಇಟ್ಟಿದ್ದೆ ಕಣೇ," ಎಂದರು, ಗಂಟು ಬಿಚ್ಚುತ್ತ. "ನಿನ್ನ ಮಾವ ಐದೇ ನಿಮಿಷದಲ್ಲಿ ಹುಡುಕಿಬಿಟ್ಟ."