ಇಪ್ಪತ್ತು ದಿನದ ತಾಳ

ಅಂದು ಮುಂಜಾನೆ ಬಾದಾಮಿಯ ಮೇಲೆ ಮೋಡ ಕವಿದು, ಗುಡ್ಡ ಕೂಡ ಮುಖ ಮುಚ್ಚಿಕೊಂಡು ಕೂತಿತ್ತು. ತಾವು ಕಾಶಿಗೆಂದು ಊರು ಬಿಡುವುದು ಸೂರ್ಯನಾರಾಯಣನಿಗೂ ಸೇರಲಿಲ್ಲವೆಂದು ರುಕ್ಮಿಣೀಬಾಯಿ ತಿಳಿದರು. ಹದಿನೆಂಟು ವರ್ಷದಿಂದ ಮಠದ ಭಜನಾ ಮಂಡಳಿಯಲ್ಲಿ ಪದ ಎತ್ತುವವರು ಅವರೇ, ತಾಳ ಹಾಕುವವರೂ ಅವರೇ. ಉಳಿದ ಹೆಂಗಸರದು ಹಿಂದೆ ಹಿಂದೆ ಅನ್ನುವ ಕೆಲಸ.

ರೈಲು ಬರಲು ಹತ್ತು ನಿಮಿಷವಿತ್ತು. ಕಳಿಸಲು ಬಂದವರಲ್ಲಿ ಶುಭದಾ ಮುಂದೆಯೇ ನಿಂತಿದ್ದಳು. ಹಾಡಿದರೆ ಹಾದಿಯವರು ನಿಲ್ಲುವಂಥ ಕಂಠ ಅವಳದು. ರುಕ್ಮಿಣೀಬಾಯಿಯ ಕಣ್ಣು ಅವಳನ್ನು ದಾಟಿ, ಚೀಲ ಕಾಯುತ್ತ ಕೂತಿದ್ದ ರಮಾಬಾಯಿಯ ಮೇಲೆ ನಿಂತಿತು.

"ರಮಾ, ಇಪ್ಪತ್ತು ದಿನ ಮಂಡಳಿ ನಿಂದು. ತಗೋ ತಾಳ."

"ಅಯ್ಯ, ನಾನ್ಯಾಕ ವೈನಿ? ನನ್ನ ದನಿ ಕೇಳಿದ್ರ ಮಠದಾಗಿನ ಪಾರಿವಾಳ ಹಾರಿ ಹೋಗ್ತಾವ. ಶುಭದಾ ಚೊಲೋ ಹಾಡ್ತಾಳಲ್ರೀ."

"ಅಕಿ ಇನ್ನೂ ಸಣ್ಣಾಕಿ. ಹಿಡಿ ನೀ."

ರೈಲು ಏರಿದ ಮೇಲೆ ಗಂಡ ಪ್ರಾಣೇಶರು ಮೆಲ್ಲಗೆ ಕೇಳಿದರು: "ಹುಡುಕಿ ಹುಡುಕಿ ಒಡಕ ದನಿಯಾಕಿಗೇ ಕೊಟ್ಟಿಯಲ್ಲ?"

"ದೀಪ ಆರಿದಾಗನ ಎಣ್ಣಿ ಕಿಮ್ಮತ್ತು ತಿಳಿಯೋದ್ರೀ" ಎಂದು ರುಕ್ಮಿಣೀಬಾಯಿ ಜಪಮಣಿ ತೆಗೆದರು.

ದೇವರು ಭಕ್ತರ ಮೊರೆ ಕೇಳುತ್ತಾನೆ. ಯಾವ ಭಕ್ತರದು ಎಂಬುದನ್ನು ಮಾತ್ರ ಮುಂಚೆ ಹೇಳುವುದಿಲ್ಲ. ಮೊದಲ ಗುರುವಾರ ಕಾಶಿಯಿಂದ ಫೋನು ಮಾಡಿ ಕೇಳಿದಾಗ ಭಜನೆಗೆ ಬಂದವರು ಹನ್ನೆರಡು. ಎರಡನೆಯ ಗುರುವಾರ ಇಪ್ಪತ್ತು. ಮೂರನೆಯ ಗುರುವಾರ ರುಕ್ಮಿಣೀಬಾಯಿ ಗಂಗಾರತಿಗೆ ಬೆನ್ನು ಮಾಡಿ ನಿಂತು ಫೋನು ಹಚ್ಚಿದರು.

"ಜಮಖಾನಿ ಸಾಲಲಿಲ್ಲ ವೈನಿ, ಬಾಜೂ ಮನಿಯಿಂದ ತರಿಸಿದ್ವಿ" ಎಂದಳು ರಮಾಬಾಯಿ.

"ಪದ ಎತ್ತೋರು ಯಾರು ಮತ್ತ?"

"ಎಲ್ಲಾರೂ! ನನಗಂತೂ ದನಿ ಇಲ್ಲ, ಅದಕ್ಕ ಪಾಳಿ ಹಚ್ಚೇನಿ. ಮಠದ ಮೆಟ್ಟಲ ಮ್ಯಾಲೆ ಹೂ ಮಾರೋ ರಂಗವ್ವನ್ನೂ ಒಳಗ ಕರದ್ವಿ. ಅಕಿ ಹಾಡಿದ್ರ ಕಣ್ಣಾಗ ನೀರ ಬರ್ತಾವ ವೈನಿ."

ರುಕ್ಮಿಣೀಬಾಯಿಯ ಕಣ್ಣಲ್ಲೂ ನೀರು ಬಂತು. ಪಕ್ಕದಲ್ಲಿದ್ದ ಯಾತ್ರಿಕರು, ಎಂಥ ಭಕ್ತಿ ಎಂದು ಅವರಿಗೇ ಕೈಮುಗಿದರು.

ನಾಲ್ಕನೆಯ ಗುರುವಾರ ಅವರು ಗಂಗಾಜಲದ ಗಿಂಡಿ, ಕಾಶಿ ದಾರದ ಗಂಟು ಹಿಡಿದು ಮಠಕ್ಕೆ ಬಂದರು. ಹೆಂಗಸರೆಲ್ಲ ಕಾಲಿಗೆರಗಿದರು. ಶುಭದಾ ಎರಗಿ ಎದ್ದವಳೇ ಕೇಳಿದಳು: "ಕಾಕು, ಕಾಶಿಗೆ ಹೋದವ್ರು ತಮಗ ಪ್ರೀತಿದ್ದೊಂದು ಅಲ್ಲೇ ಬಿಟ್ಟು ಬರಬೇಕಂತಲ್ರೀ. ನೀವೇನ ಬಿಟ್ರಿ?"

"ಹಾಗಲಕಾಯಿ" ಎಂದರು ರುಕ್ಮಿಣೀಬಾಯಿ, ಗಂಭೀರವಾಗಿ.

ಕಂಬಕ್ಕೆ ಒರಗಿದ್ದ ಪ್ರಾಣೇಶರು ಕೆಮ್ಮಿದರು. "ಲಗ್ನಾಗಿ ಮೂವತ್ತೆಂಟ ವರ್ಷ ಆತು, ಅದರ ಒಂದು ಹೋಳು ಬಾಯಾಗ ಇಟ್ಟಿಲ್ಲ ನೋಡವಾ ಅಕಿ."

ನಗು ಇಳಿಯುವವರೆಗೆ ಕಾದು, ರುಕ್ಮಿಣೀಬಾಯಿ ಎಲ್ಲರ ಮುಂದೆ ಹೋಗಿ ಕೂತು ಗಂಟಲು ಸರಿಮಾಡಿಕೊಂಡರು. ಯಾರೂ ಪದದ ಪುಸ್ತಕ ತೆರೆಯಲಿಲ್ಲ. ರಮಾಬಾಯಿ ಗೋಡೆಗೆ ಅಂಟಿಸಿದ ಹಾಳೆಯನ್ನು ನೋಡಿದಳು.

"ಇವತ್ತ ಮೊದಲನೇ ಪಾಳಿ ರಂಗವ್ವಂದು ಅದ, ವೈನಿ."

"ಮತ್ತ ನಂದು?"

"ಮರೀತೇನೇನ್ರೀ? ಬರದೇನಿ. ಇಪ್ಪತ್ತೇಳನೇ ಹೆಸರು."

ರಂಗವ್ವ ಹೂವಿನ ಬುಟ್ಟಿಯನ್ನು ಬಾಗಿಲಲ್ಲಿಟ್ಟು ಒಳಗೆ ಬಂದು, ಕಣ್ಣು ಮುಚ್ಚಿ ಕೂತಳು. ರಮಾಬಾಯಿ ತಾಳವನ್ನು ಸೆರಗಿನಿಂದ ಒರೆಸಿ, ಒಂದಕ್ಕೊಂದು ತಾಗಿ ಸದ್ದಾಗದಂತೆ ರುಕ್ಮಿಣೀಬಾಯಿಯ ಕೈಯಲ್ಲಿಟ್ಟಳು.

"ನಿಮ್ಮದು ನಿಮಗ ಮುಟ್ಟಿತ್ರೀ, ವೈನಿ. ಹಾಕ್ರಿ ಇನ್ನ, ರಂಗವ್ವ ಕಾಯ್ಲಿಕತ್ತಾಳ."